ಅಂತರಗಂಗೆಯಿಂದ ಅನಿಲ ಮತ್ತು ಗೊಬ್ಬರ: ಘಟಕ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಸೆಗಣಿ ಬಗ್ಗಡದಿಂದ ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಗೋಬರ್ ಗ್ಯಾಸ್ ಘಟಕಕ್ಕೆ ಊರ ಕೆರೆಯ ಅಂತರಗಂಗೆಯನ್ನು ಸೇರಿಸತೊಡಗಿದ ಮೂರು ನಾಲ್ಕು ವಾರಗಳಲ್ಲಿ ಒಲೆಯ ಉರಿ ಕುಗ್ಗುವುದು, ಹೊರತೊಟ್ಟಿಯಲ್ಲಿ ಹಸಿರು ನಾರು ತೇಲುವುದು, ಒಮ್ಮೊಮ್ಮೆ ಅನಿಲ ಪೂರ್ತಿ ನಿಂತೇ ಹೋಗುವುದು ಸಾಮಾನ್ಯ. ಆಗ ಮನೆಯವರು ಈ ಕಳೆಯಲ್ಲಿ ಗ್ಯಾಸೇ ಇಲ್ಲವೆಂದು ತೀರ್ಮಾನಿಸಿ ಅದನ್ನು ಕೈಬಿಡುತ್ತಾರೆ. ಇಲ್ಲವೇ ಇನ್ನಷ್ಟು ಸೆಗಣಿ, ಇನ್ನಷ್ಟು ನೀರು, ಒಂದಿಷ್ಟು ಸುಣ್ಣ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದು ಇದ್ದ ತೊಂದರೆಯ ಮೇಲೆ ಇನ್ನೊಂದನ್ನು ಹೇರುತ್ತಾರೆ. ಎರಡೂ ಬೇಕಿಲ್ಲ. ಈ ಗಿಡದಲ್ಲಿ ಅನಿಲವಾಗಬಲ್ಲ ಅಂಶ ಸಾಕಷ್ಟಿದೆ. ತೊಂದರೆ ಕೊಡುವುದು ಅದರ ಎರಡು ಸ್ವಭಾವಗಳು ಮಾತ್ರ: ಅದು ಹೆಚ್ಚುಕಡಿಮೆ ಬರೀ ನೀರು, ಮತ್ತು ಅದು ತೇಲುತ್ತದೆ. ನಮ್ಮ ಘಟಕಗಳೆಲ್ಲ ಸೆಗಣಿಯಂತೆ ನೀರಿನಲ್ಲಿ ಕದಡಿ ನಿಲ್ಲುವ ವಸ್ತುವಿಗಾಗಿ ರೂಪುಗೊಂಡವು. ಆದ್ದರಿಂದ ದೋಷ ಹುಡುಕಲು ಹೊರಟವರು ಮೊದಲು ಬಗ್ಗಡದ ಗುಣವನ್ನಲ್ಲ, ಬಗ್ಗಡದ ಮೇಲೆ ಏನು ಕುಳಿತಿದೆ ಎಂಬುದನ್ನು ನೋಡಬೇಕು.

ಹೆಸರಿನ ಬಗ್ಗೆ ಒಂದು ಮಾತು. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಅಂತರಗಂಗೆ ಎಂದರೆ ಎಲೆಕೋಸಿನ ಗಡ್ಡೆಯನ್ನು ಬಿಡಿಸಿಟ್ಟಂತೆ ಕಾಣುವ, ಕಾಂಡವಿಲ್ಲದ, ಎಲೆಯ ಮೇಲೆ ನವಿರು ರೋಮವಿರುವ ಗಿಡ. ಆದರೆ ಇಂದು ತುಂಗಭದ್ರೆಯ ದಂಡೆಯಿಂದ ಬೆಂಗಳೂರಿನ ಕೆರೆಗಳವರೆಗೆ ಜನ ಆ ಹೆಸರಿನಿಂದ ಕರೆಯುವುದು ಬಹುಮಟ್ಟಿಗೆ ದಕ್ಷಿಣ ಅಮೆರಿಕದಿಂದ ಬಂದ, ತಿಳಿನೇರಳೆ ಹೂ ಬಿಡುವ, ತೊಟ್ಟು ಉಬ್ಬಿಕೊಂಡಿರುವ ವಾಟರ್ ಹಯಸಿಂತ್ ಗಿಡವನ್ನು. ಈ ಬರಹದಲ್ಲಿಯೂ ಅಂತರಗಂಗೆ ಎಂದರೆ ಅದೇ. ಆ ಉಬ್ಬಿದ ತೊಟ್ಟನ್ನು ಅಡ್ಡ ಸೀಳಿ ನೋಡಿದರೆ ಸ್ಪಂಜಿನಂತೆ ಗಾಳಿಯ ಗೂಡುಗಳು ಕಾಣುತ್ತವೆ. ಮುಂದೆ ಹೇಳುವ ಅರ್ಧದಷ್ಟು ತೊಂದರೆಗಳ ಮೂಲ ಆ ಗೂಡುಗಳಲ್ಲಿದೆ.

ದೋಷವೋ, ಲೆಕ್ಕದ ತಪ್ಪೋ

ಘಟಕವನ್ನು ಮುಟ್ಟುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕುವುದು ಒಳ್ಳೆಯದು. 2 ಘನ ಮೀಟರ್ ಸಾಮರ್ಥ್ಯದ ಮನೆಬಳಕೆಯ ಘಟಕಕ್ಕೆ ದಿನಕ್ಕೆ ಸುಮಾರು 50 ಕೆಜಿ ಸೆಗಣಿ, ಅಷ್ಟೇ ನೀರು ಬೇಕು ಎಂಬುದು ರೂಢಿಯ ಪ್ರಮಾಣ. ಸೆಗಣಿಯಲ್ಲಿ ಒಣ ಅಂಶ ನೂರಕ್ಕೆ 18ರಿಂದ 20ರಷ್ಟು ಇರುತ್ತದೆ. ಕೆರೆಯಿಂದ ಆಗತಾನೆ ಎತ್ತಿದ ಅಂತರಗಂಗೆಯಲ್ಲಿ 5ರಿಂದ 7ರಷ್ಟು ಮಾತ್ರ, ಮಿಕ್ಕಿದ್ದೆಲ್ಲ ನೀರು. ಹಾಗಾಗಿ 25 ಕೆಜಿ ಸೆಗಣಿಯಿಂದ ಒಂದು ಘನ ಮೀಟರಿನ ಆಸುಪಾಸು ಅನಿಲ ಬರುವಲ್ಲಿ 25 ಕೆಜಿ ಹಸಿ ಕಳೆಯಿಂದ ಅದರ ಮೂರನೆಯ ಒಂದು ಭಾಗ ಬಂದರೆ ಅದು ಸರಿಯಾದ ಫಲವೇ. ಅರ್ಧ ಸೆಗಣಿಯನ್ನು ತೆಗೆದು ಅಷ್ಟೇ ತೂಕದ ಹಸಿ ಕಳೆಯನ್ನು ಹಾಕಿದವರ ಒಲೆ ಮೊದಲಿನ ಮೂರನೆಯ ಎರಡು ಭಾಗದಷ್ಟು ಹೊತ್ತು ಮಾತ್ರ ಉರಿಯುತ್ತಿದ್ದರೆ ಘಟಕದಲ್ಲಿ ಯಾವ ದೋಷವೂ ಇಲ್ಲ. ಅದನ್ನು ರಿಪೇರಿ ಮಾಡಲು ಹೋಗುವುದು ಇದ್ದ ಹಲ್ಲನ್ನು ಕೀಳಿಸಿಕೊಂಡಂತೆ.

ಇದೇ ಲೆಕ್ಕದ ಇನ್ನೊಂದು ಮಗ್ಗುಲು ನೀರು. ಸೆಗಣಿಗೆ ಸಮ ತೂಕದ ನೀರು ಎಂಬ ಅಭ್ಯಾಸವನ್ನು ಕಳೆಗೂ ಮುಂದುವರಿಸುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಹೆಚ್ಚು ಸಾಮಾನ್ಯವಾದದ್ದು. 30 ಕೆಜಿ ಸೆಗಣಿ ಮತ್ತು 30 ಕೆಜಿ ಹಸಿ ಕಳೆ ಸೇರಿದರೆ ಒಟ್ಟು ಒಣ ಅಂಶ ಸುಮಾರು ಏಳೂವರೆ ಕೆಜಿ. ಅದನ್ನು ನೂರಕ್ಕೆ 9ರ ಹದಕ್ಕೆ ತರಲು 20ರಿಂದ 25 ಲೀಟರ್ ನೀರು ಸಾಕು. ರೂಢಿಯಂತೆ 60 ಲೀಟರ್ ಸುರಿದರೆ ಬಗ್ಗಡ ಮಜ್ಜಿಗೆಯಂತಾಗುತ್ತದೆ. ತೆಳು ಬಗ್ಗಡದಲ್ಲಿ ನಾರು ಬೇಗ ಬೇರ್ಪಟ್ಟು ಮೇಲೇರುತ್ತದೆ. ಇನ್ನೂ ಮುಖ್ಯವಾಗಿ, ತೊಟ್ಟಿಯ ಗಾತ್ರ ಅಷ್ಟೇ ಇರುವುದರಿಂದ ದಿನದ ಹೊರೆ ಹೆಚ್ಚಿದಷ್ಟೂ ಬಗ್ಗಡ ಒಳಗೆ ಉಳಿಯುವ ದಿನಗಳು ಕಡಿಮೆಯಾಗುತ್ತವೆ. 40 ದಿನ ಇರಬೇಕಾದದ್ದು 20 ದಿನಕ್ಕೆ ಹೊರಬಂದರೆ ಮೀಥೇನ್ ತಯಾರಿಸುವ ನಿಧಾನ ಸ್ವಭಾವದ ಸೂಕ್ಷ್ಮಜೀವಿಗಳು ಬೆಳೆಯುವುದಕ್ಕಿಂತ ಬೇಗ ಕೊಚ್ಚಿ ಹೋಗುತ್ತವೆ. ಇದರ ಗುರುತು ಸುಲಭ: ಹೊರತೊಟ್ಟಿಯ ಬಗ್ಗಡವನ್ನು ಅಂಗೈಗೆ ಹಾಕಿಕೊಂಡು ತೊಳೆದಾಗ ಎಲೆಯ ಚೂರು ಇನ್ನೂ ಹಸಿರಾಗಿ, ಗುರುತು ಸಿಗುವಂತೆ ಇದ್ದರೆ ಅದು ಜೀರ್ಣವಾಗದೆ ಹೊರಬಂದಿದೆ ಎಂದೇ ಅರ್ಥ. ಪರಿಹಾರವೂ ಅಷ್ಟೇ ಸುಲಭ. ಕಳೆಯನ್ನು ಎರಡು ಮೂರು ದಿನ ಬಿಸಿಲಿಗೆ ಹರಡಿ ಬಾಡಿಸಿ ತೂಕವನ್ನು ಅರ್ಧಕ್ಕಿಳಿಸಬೇಕು, ಮತ್ತು ಕದಡಲು ಹೊಸ ನೀರಿನ ಬದಲು ಆದಷ್ಟೂ ಹೊರತೊಟ್ಟಿಯ ತಿಳಿಯನ್ನೇ ಬಳಸಬೇಕು. ಆ ತಿಳಿಯಲ್ಲಿ ಜೀವಂತ ಸೂಕ್ಷ್ಮಜೀವಿಗಳಿರುವುದರಿಂದ ಅದು ಹೆಪ್ಪಿನ ಕೆಲಸವನ್ನೂ ಮಾಡುತ್ತದೆ. ಆದರೆ ತಿಂಗಳುಗಟ್ಟಲೆ ಬರೀ ತಿಳಿಯನ್ನೇ ಸುತ್ತಿಸಿದರೆ ಅಮೋನಿಯ ಮತ್ತು ಲವಣ ಕೂಡಿಕೊಳ್ಳುತ್ತವೆ. ಅರ್ಧ ತಿಳಿ, ಅರ್ಧ ನೀರು ಎಂಬುದು ನಂಬಬಹುದಾದ ಹದ.

ಹೊರತೊಟ್ಟಿ ಹೇಳುವುದನ್ನು ಓದುವುದು

ಲೆಕ್ಕ ಸರಿಯಿದ್ದೂ ಉರಿ ಇಲ್ಲವೆಂದಾದರೆ ಆಗ ಪರೀಕ್ಷೆ. ಇಲ್ಲಿ ಹೇಳುವುದು ಕರ್ನಾಟಕದ ಹಳ್ಳಿಗಳಲ್ಲಿ ಹೆಚ್ಚಾಗಿರುವ, ನೆಲದೊಳಗೆ ಇಟ್ಟಿಗೆಯ ಗುಮ್ಮಟವಿರುವ ದೀನಬಂಧು ಮಾದರಿಗೆ ಅನ್ವಯಿಸುತ್ತದೆ. ಈ ಮಾದರಿಯಲ್ಲಿ ಗುಮ್ಮಟದೊಳಗೆ ಅನಿಲ ತುಂಬಿದಂತೆ ಅದು ಬಗ್ಗಡವನ್ನು ಕೆಳಗೊತ್ತುತ್ತದೆ, ಒತ್ತಿದ ಬಗ್ಗಡ ಹೊರತೊಟ್ಟಿಯಲ್ಲಿ ಮೇಲೇರುತ್ತದೆ. ಒಲೆ ಉರಿಸಿದಾಗ ಮತ್ತೆ ಇಳಿಯುತ್ತದೆ. ಅಂದರೆ ಹೊರತೊಟ್ಟಿಯೇ ಈ ಘಟಕದ ಮೀಟರು. ರಾತ್ರಿ ಗುಮ್ಮಟದ ಮೇಲಿನ ಮುಖ್ಯ ವಾಲ್ವನ್ನು ಮುಚ್ಚಿ, ಹೊರತೊಟ್ಟಿಯ ಗೋಡೆಯ ಮೇಲೆ ಬಗ್ಗಡದ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಬೆಳಗ್ಗೆ ಎದ್ದು ಹೊಸ ಬಗ್ಗಡ ಹಾಕುವ ಮೊದಲು ನೋಡಬೇಕು.

ಮಟ್ಟ ಎಂದಿನಂತೆ ಏರಿದ್ದೂ ಒಲೆ ಉರಿಯದಿದ್ದರೆ ಘಟಕದ ಹೊಟ್ಟೆ ಸರಿಯಿದೆ, ದೋಷ ವಾಲ್ವಿನಿಂದ ಒಲೆಯವರೆಗಿನ ಕೊಳವೆಯಲ್ಲಿದೆ. ಮಟ್ಟ ಏರಿಲ್ಲ, ಒಳತೊಟ್ಟಿಯಲ್ಲಾಗಲಿ ಹೊರತೊಟ್ಟಿಯಲ್ಲಾಗಲಿ ಗುಳ್ಳೆ ಎಡೆಬಿಡದೆ ಏಳುತ್ತಿದೆ ಎಂದಾದರೆ ಅನಿಲ ಹುಟ್ಟುತ್ತಿದೆ, ಗುಮ್ಮಟ ಸೇರದೆ ಪಕ್ಕದಿಂದ ಪಾರಾಗುತ್ತಿದೆ. ಮಟ್ಟವೂ ಏರಿಲ್ಲ, ಗುಳ್ಳೆಯೂ ಇಲ್ಲವೆಂದರೆ ಒಂದೋ ಬಗ್ಗಡ ಹುಳಿಯಾಗಿ ಉತ್ಪಾದನೆ ನಿಂತಿದೆ, ಇಲ್ಲವೇ ಗುಮ್ಮಟದ ಬಿರುಕಿನಿಂದ ಅನಿಲ ಸೋರುತ್ತಿದೆ. ಬಿರುಕನ್ನು ಕಂಡುಹಿಡಿಯಲು ಗುಮ್ಮಟದ ಮೇಲಿನ ಮಣ್ಣನ್ನು ಸರಿಸಿ ಸಾಬೂನು ನೀರು ಬಳಿದರೆ ಸೋರುವಲ್ಲಿ ನೊರೆ ಉಬ್ಬುತ್ತದೆ.

ನಾಲ್ಕನೆಯ ಲಕ್ಷಣವೊಂದಿದೆ, ಕಳೆ ಹಾಕುವ ಘಟಕಗಳಲ್ಲಿ ಹೆಚ್ಚಾಗಿ ಎದುರಾಗುವುದು ಇದೇ, ಮತ್ತು ಬರೀ ಸೆಗಣಿಯ ಅನುಭವವಿರುವ ಮೇಸ್ತ್ರಿಗಳು ಇದನ್ನು ಕೊಳವೆಯ ದೋಷವೆಂದು ತಪ್ಪಾಗಿ ತಿಳಿಯುತ್ತಾರೆ. ಬೆಳಗ್ಗೆ ಮಟ್ಟ ಚೆನ್ನಾಗಿಯೇ ಏರಿರುತ್ತದೆ, ಒಲೆ ಹಚ್ಚಿದಾಗ ಐದು ಹತ್ತು ನಿಮಿಷ ಉರಿ ಜೋರಾಗಿ ಬಂದು ಥಟ್ಟನೆ ಕುಸಿಯುತ್ತದೆ, ಆದರೆ ಹೊರತೊಟ್ಟಿಯ ಬಗ್ಗಡ ಅದಕ್ಕೆ ತಕ್ಕಂತೆ ಕೆಳಗಿಳಿದಿರುವುದಿಲ್ಲ. ಅನಿಲ ಒಳಗೇ ಇದೆ, ಹೊರಗೆ ಬರುತ್ತಿಲ್ಲ. ಅದನ್ನು ಹಿಡಿದಿಟ್ಟಿರುವುದು ತೇಲುಪದರ.

ತೇಲುಪದರ

ಗಾಳಿಗೂಡುಗಳು ಹಾಗೆಯೇ ಉಳಿದ ತೊಟ್ಟಿನ ತುಂಡು ಬಗ್ಗಡದೊಳಗೆ ಹೋದ ಕೂಡಲೇ ಮೇಲೇರುತ್ತದೆ. ಅದರ ನಾರಿಗೆ ಅಂಟಿದ ಸೂಕ್ಷ್ಮಜೀವಿಗಳು ಬಿಡುವ ಸಣ್ಣ ಸಣ್ಣ ಗುಳ್ಳೆಗಳು ಅದನ್ನು ಇನ್ನಷ್ಟು ಎತ್ತಿ ಹಿಡಿಯುತ್ತವೆ. ದಿನವೂ ಬರುವ ಹೊಸ ತುಂಡುಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತಾಗುತ್ತವೆ, ಚಾಪೆ ದಪ್ಪವಾಗಿ ಅದರ ಮೇಲ್ಮೈ ಅನಿಲದ ಕಡೆಗೆ ಒಣಗುತ್ತದೆ. ಒಣಗಿದ ಭಾಗ ಕೊಳೆಯುವುದಿಲ್ಲ, ಕೆಳಗಿನ ಅನಿಲವನ್ನೂ ಬಿಡುವುದಿಲ್ಲ. ಚಾಪೆ ಇನ್ನೂ ಬೆಳೆದರೆ ಗುಮ್ಮಟದ ನೆತ್ತಿಯಲ್ಲಿರುವ ಅನಿಲ ಕೊಳವೆಯ ಬಾಯಿಗೆ ನಾರು ತುರುಕಿಕೊಳ್ಳುತ್ತದೆ. ಇದು ಆಗುವುದು ಅನಿಲವನ್ನು ಪೂರ್ತಿ ಖಾಲಿ ಮಾಡುವ ಮನೆಗಳಲ್ಲಿ ಹೆಚ್ಚು, ಏಕೆಂದರೆ ಅನಿಲ ಮುಗಿದಂತೆ ಗುಮ್ಮಟದೊಳಗಿನ ಬಗ್ಗಡವೂ ಅದರ ತಲೆಯ ಮೇಲಿನ ಚಾಪೆಯೂ ನೆತ್ತಿಯತ್ತ ಏರುತ್ತವೆ. ತೇಲುಪದರದ ಅನುಮಾನ ಬಂದ ದಿನದಿಂದ ಅದು ಕರಗುವವರೆಗೆ ಒಂದಿಷ್ಟು ಅನಿಲವನ್ನು ಉಳಿಸಿಯೇ ವಾಲ್ವ್ ಮುಚ್ಚುವುದು ಇದೇ ಕಾರಣಕ್ಕೆ.

ಅನುಮಾನವನ್ನು ಖಚಿತಪಡಿಸಿಕೊಳ್ಳಲು ಉದ್ದನೆಯ ಬಿದಿರಿನ ತುದಿಗೆ ಒಂದು ಅಡ್ಡಪಟ್ಟಿ ಕಟ್ಟಿ ಹೊರತೊಟ್ಟಿಯ ಬಾಯಿಯಿಂದ ಒಳಕ್ಕಿಳಿಸಿ ಮೆಲ್ಲಗೆ ಮೇಲಕ್ಕೆತ್ತಬೇಕು. ಬಗ್ಗಡದಲ್ಲಿ ಬಿದಿರು ಸಲೀಸಾಗಿ ಆಡುತ್ತದೆ. ಚಾಪೆಗೆ ತಾಗಿದಾಗ ಒದ್ದೆ ಹುಲ್ಲಿನ ಬಣವೆಗೆ ಕೋಲು ಚುಚ್ಚಿದಂತೆ ತಡೆ ಗೊತ್ತಾಗುತ್ತದೆ. ಪದರ ಮೆತ್ತಗಿದ್ದರೆ ಘಟಕವನ್ನು ಬಿಚ್ಚದೆಯೇ ಸರಿಪಡಿಸಬಹುದು. ಕಳೆ ಹಾಕುವುದನ್ನು ಎರಡು ಮೂರು ವಾರ ಪೂರ್ತಿ ನಿಲ್ಲಿಸಿ, ದಿನಕ್ಕೆ ಎರಡು ಬಾರಿ ಹೊರತೊಟ್ಟಿಯಿಂದ ಎಂಟು ಹತ್ತು ಬಕೆಟ್ ಬಗ್ಗಡ ತೆಗೆದು ಒಳತೊಟ್ಟಿಗೆ ರಭಸವಾಗಿ ಸುರಿಯಬೇಕು, ಒಳಕೊಳವೆಯಿಂದಲೂ ಹೊರಬಾಯಿಯಿಂದಲೂ ಬಿದಿರಾಡಿಸಬೇಕು. ಚಾಪೆಯನ್ನು ಒಡೆಯುವುದಕ್ಕಿಂತ ಅದನ್ನು ಮತ್ತೆ ಮತ್ತೆ ನೆನೆಸಿ ಭಾರವಾಗಿಸುವುದು ಇಲ್ಲಿನ ಉದ್ದೇಶ. ನೆನೆದ ನಾರು ಕೊಳೆಯುತ್ತದೆ, ಕೊಳೆತದ್ದು ಮುಳುಗುತ್ತದೆ. ಈ ದಿನಗಳಲ್ಲಿ ಸಿಕ್ಕಿಬಿದ್ದ ಅನಿಲ ಒಮ್ಮೆಲೆ ಬಿಡುಗಡೆಯಾಗಿ ಹೊರತೊಟ್ಟಿ ಉಕ್ಕಬಹುದಾದ್ದರಿಂದ ಬಳಿಯಲ್ಲಿ ಬೆಂಕಿ, ಬೀಡಿ ಯಾವುದೂ ಇರಬಾರದು.

ತೇಲುವ ಡ್ರಮ್ಮಿನ ಹಳೆಯ ಖಾದಿ ಆಯೋಗದ ಮಾದರಿ ಇರುವವರು ಈ ವಿಷಯದಲ್ಲಿ ಅದೃಷ್ಟವಂತರು. ಆ ಡ್ರಮ್ಮಿನೊಳಗೆ ಬೆಸೆದ ಕಬ್ಬಿಣದ ಸಲಾಕೆಗಳಿರುತ್ತವೆ. ಬೆಳಗ್ಗೆ ಸಂಜೆ ಡ್ರಮ್ಮನ್ನು ಕೈಯಿಂದ ಅತ್ತಿತ್ತ ತಿರುಗಿಸಿದರೆ ಅವು ಪದರವನ್ನು ಸೀಳುತ್ತವೆ. ಅಲ್ಲಿ ಡ್ರಮ್ ವಾಲಿ ನಿಂತಿದ್ದರೆ ಅಥವಾ ತಿರುಗದಿದ್ದರೆ ಗೋಡೆಗೂ ಡ್ರಮ್ಮಿಗೂ ನಡುವಿನ ಸಂದಿಯಲ್ಲಿ ನಾರು ಒಣಗಿ ಬಿಗಿದಿರುತ್ತದೆ, ಅದನ್ನು ಸಲಿಕೆಯಿಂದ ಬಿಡಿಸಿ ತೆಗೆದರೆ ಮುಗಿಯಿತು.

ಗುಮ್ಮಟದೊಳಗೆ ಪದರ ಗಟ್ಟಿಯಾಗಿ ಬಿದಿರೇ ಇಳಿಯದಿದ್ದರೆ ಘಟಕವನ್ನು ಖಾಲಿ ಮಾಡುವುದೊಂದೇ ದಾರಿ. ಇದನ್ನು ಈ ಕೆಲಸ ಬಲ್ಲವರಿಂದಲೇ ಮಾಡಿಸಬೇಕು, ಮತ್ತು ಬಗ್ಗಡವೆಲ್ಲ ಹೊರಬಂದ ಮೇಲೂ ಯಾರೂ ಒಳಗಿಳಿಯಬಾರದು. ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯನ್ನೇ ಕೊಲ್ಲುತ್ತದೆ, ಆದ್ದರಿಂದ ವಾಸನೆ ಬರುತ್ತಿಲ್ಲ ಎಂಬುದು ಕ್ಷೇಮದ ಗುರುತಲ್ಲ. ಹಳೆಯ ಬಾವಿಗೆ ಇಳಿಯುವ ಮೊದಲು ಹಚ್ಚಿದ ಲಾಟೀನನ್ನು ಹಗ್ಗದಲ್ಲಿ ಇಳಿಸಿ ಗಾಳಿ ಪರೀಕ್ಷಿಸುವ ಪದ್ಧತಿ ನಮ್ಮ ಊರುಗಳಲ್ಲಿದೆ. ಅನಿಲ ಘಟಕಕ್ಕೆ ಆ ಪದ್ಧತಿಯನ್ನು ತಂದರೆ ಸಾವು ಖಚಿತ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15ರಷ್ಟಿದ್ದರೆ ಒಂದು ಕಿಡಿಗೆ ಅದು ಸ್ಫೋಟಿಸುತ್ತದೆ.

ಪದರ ಮರಳಿ ಬರದಂತೆ ಮಾಡುವುದು ಮಿಶ್ರಣದ ತೊಟ್ಟಿಯಲ್ಲಿ ಆಗಬೇಕಾದ ಕೆಲಸ. ಬಾಡಿದ ಕಳೆಯನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಒಂದೆರಡು ಸೆಂಟಿಮೀಟರಿಗೆ ತುಂಡರಿಸಬೇಕು. ಬರೀ ತುಂಡರಿಸಿದರೆ ಸಾಲದು, ತೊಟ್ಟುಗಳನ್ನು ಜಜ್ಜಿ ಗಾಳಿಗೂಡು ಒಡೆಯಬೇಕು. ಆಮೇಲೆ ಹೊರತೊಟ್ಟಿಯ ಬಗ್ಗಡದಲ್ಲಿ ಕಲಸಿ ನಾಲ್ಕೈದು ದಿನ ಗುಂಡಿಯಲ್ಲಿ ನೆನೆಯಲು ಬಿಟ್ಟರೆ ಅದು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಒಂದು ಹಿಡಿಯನ್ನು ಬಕೆಟ್ ನೀರಿಗೆ ಹಾಕಿ ಕಲಕಿ ಹತ್ತು ನಿಮಿಷ ಬಿಡಬೇಕು. ಹೆಚ್ಚಿನ ಭಾಗ ಮುಳುಗಿದರೆ ಘಟಕಕ್ಕೆ ಹಾಕಬಹುದು, ತೇಲಿದರೆ ಇನ್ನೂ ಎರಡು ದಿನ ಕಾಯಬೇಕು. ಈ ಬಕೆಟ್ ಪರೀಕ್ಷೆಯೊಂದನ್ನು ತಪ್ಪದೆ ಮಾಡುವವರಿಗೆ ಈ ಬರಹದ ಉಳಿದ ಭಾಗ ಅಷ್ಟಾಗಿ ಬೇಕಾಗುವುದಿಲ್ಲ.

ಇಷ್ಟೆಲ್ಲ ಪಾಡೇಕೆ, ತೇಲುವುದನ್ನು ತೇಲದಂತೆ ಮಾಡುವ ಬದಲು ತೇಲುವ ಪ್ರಶ್ನೆಯೇ ಬಾರದ ಘಟಕವನ್ನೇ ಕಟ್ಟಬಾರದೇ ಎಂದು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನದ ಅಸ್ತ್ರ ಕೇಂದ್ರ ಈ ದಿಕ್ಕಿನಲ್ಲಿ ಕೆಲಸ ಮಾಡಿದೆ. ಎಚ್. ಎನ್. ಚಾಣಕ್ಯ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸಂಶೋಧನೆ ಅಂತರಗಂಗೆ ಮತ್ತು ಕಸವನ್ನು ಬಗ್ಗಡ ಮಾಡದೆ ಘನರೂಪದಲ್ಲಿಯೇ ಕೊಳೆಸುವುದಕ್ಕೆ ಸಂಬಂಧಿಸಿದ್ದು. ಎಲೆಯನ್ನು ಹಾಸಿನಂತೆ ಪೇರಿಸಿ, ಅದರ ಮೇಲೆ ಜೀವಂತ ತಿಳಿಯನ್ನು ದಿನವೂ ಚಿಮುಕಿಸಿ, ಕೆಳಗೆ ಸೋಸಿಬಂದದ್ದನ್ನು ಮತ್ತೆ ಮೇಲೆ ಹಾಯಿಸುವುದು ಈ ವಿಧಾನದ ತಿರುಳು. ಬರೀ ಕಳೆಯನ್ನೇ ನಂಬಿ ಹೊಸದಾಗಿ ಘಟಕ ಕಟ್ಟುವ ಪಂಚಾಯಿತಿಗಳು, ಸಂಘಗಳು ಸೆಗಣಿಯ ಮಾದರಿಯನ್ನು ಹಾಗೆಯೇ ನಕಲು ಮಾಡುವುದಕ್ಕಿಂತ ಈ ಬಗೆಯ ಹಾಸುಘಟಕವನ್ನು ವಿಚಾರಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಹುಳಿಯಾದ ಬಗ್ಗಡ

ತೇಲುಪದರವಿಲ್ಲ, ಸೋರಿಕೆಯಿಲ್ಲ, ಆದರೂ ಅನಿಲವಿಲ್ಲ ಎಂದಾಗ ಮಾತ್ರ ಬಗ್ಗಡದ ಗುಣಕ್ಕೆ ಬರಬೇಕು. ಅಂತರಗಂಗೆಯ ಎಲೆಯಲ್ಲಿ ಬೇಗ ಕರಗುವ ಅಂಶ ಹೆಚ್ಚು, ಸುಲಭವಾಗಿ ಕೊಳೆಯದ ಗಟ್ಟಿ ಅಂಶವಾದ ಲಿಗ್ನಿನ್ ಕಡಿಮೆ. ಬಾಡಿದ ಎಲೆಯನ್ನು ಒಮ್ಮೆಲೆ ಹೆಚ್ಚು ಹಾಕಿದರೆ ಮೊದಲ ಹಂತದ ಸೂಕ್ಷ್ಮಜೀವಿಗಳು ಅದನ್ನು ಗಡಿಬಿಡಿಯಲ್ಲಿ ಆಮ್ಲಗಳಾಗಿ ಒಡೆಯುತ್ತವೆ. ಆ ಆಮ್ಲವನ್ನು ಮೀಥೇನ್ ಆಗಿ ಪರಿವರ್ತಿಸಬೇಕಾದ ಎರಡನೆಯ ಗುಂಪು ಅದೇ ವೇಗದಲ್ಲಿ ಕೆಲಸ ಮಾಡಲಾರದು. ಆಮ್ಲ ಕೂಡಿಕೊಂಡಷ್ಟೂ ಆ ಗುಂಪು ಇನ್ನಷ್ಟು ಸೊರಗುತ್ತದೆ. ಹೊರತೊಟ್ಟಿಯಲ್ಲಿ ಹಳಸಿದ ಅನ್ನದಂಥ ಹುಳಿ ವಾಸನೆ, ಬೂದು ಬಣ್ಣದ ನೊರೆ, ಹಚ್ಚಿದ ಕೂಡಲೇ ಬರ್ನರಿನಿಂದ ಹಾರಿ ಆರುವ ಉರಿ ಇದರ ಲಕ್ಷಣಗಳು. ಔಷಧದ ಅಂಗಡಿಯಲ್ಲೋ ಪ್ರಯೋಗಾಲಯದ ಸಾಮಾನು ಮಾರುವಲ್ಲೋ ಸಿಗುವ ಪಿಎಚ್ ಕಾಗದವನ್ನು ಬಗ್ಗಡಕ್ಕೆ ಅದ್ದಿದರೆ ಸಂಶಯ ಉಳಿಯುವುದಿಲ್ಲ: 6.8ರಿಂದ 7.4ರ ನಡುವೆ ಇದ್ದರೆ ಆರೋಗ್ಯ, 6.5ಕ್ಕಿಂತ ಕೆಳಗಿಳಿದಿದ್ದರೆ ಹುಳಿ ಏರಿದೆ.

ಮೊದಲ ಮದ್ದು ಉಪವಾಸ. ಹತ್ತು ಹದಿನೈದು ದಿನ ಏನನ್ನೂ ಹಾಕದೆ, ದಿನಕ್ಕೊಮ್ಮೆ ಕಲಕುತ್ತಾ ಬಿಟ್ಟರೆ ಬಹಳಷ್ಟು ಘಟಕಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಪಕ್ಕದ ಮನೆಯ ಚೆನ್ನಾಗಿ ನಡೆಯುತ್ತಿರುವ ಘಟಕದಿಂದ ತೊಟ್ಟಿಯ ಹತ್ತನೆಯ ಒಂದು ಭಾಗದಷ್ಟು ಬಗ್ಗಡ ತಂದು ಸೇರಿಸಿದರೆ ಇನ್ನೂ ಬೇಗ. ಸುಣ್ಣಕ್ಕೆ ಕೈ ಹಾಕುವುದು ಕೊನೆಗೆ, ಅದೂ ತಿಳಿಸುಣ್ಣದ ನೀರನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಪ್ರತಿ ದಿನ ಪಿಎಚ್ ನೋಡಿಕೊಂಡು. ಒಮ್ಮೆಲೆ ಹೆಚ್ಚು ಸುಣ್ಣ ಸುರಿದರೆ ಅದು ಗುಮ್ಮಟದೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಒಳಗಿನ ಒತ್ತಡವನ್ನು ಕುಸಿಯುವಂತೆ ಮಾಡುತ್ತದೆ ಮತ್ತು ತಳದಲ್ಲಿ ಗಟ್ಟಿ ಗಸಿಯಾಗಿ ಕೂರುತ್ತದೆ. ಅಡುಗೆ ಸೋಡ ಇದಕ್ಕಿಂತ ಮೃದು, ಬೆಲೆ ಮಾತ್ರ ಹೆಚ್ಚು. ಪಿಎಚ್ ಮರಳಿದ ಮೇಲೆ ಮೊದಲಿನ ಪ್ರಮಾಣದ ಕಾಲು ಭಾಗದಿಂದ ಆರಂಭಿಸಿ ಮೂರು ವಾರಗಳಲ್ಲಿ ಪೂರ್ಣ ಪ್ರಮಾಣಕ್ಕೆ ಬರಬೇಕು.

ಹುಳಿಯೇರದಿದ್ದರೂ ಡಿಸೆಂಬರ್, ಜನವರಿಯಲ್ಲಿ ಅನಿಲ ಇಳಿಯುವುದುಂಟು. ಈ ಸೂಕ್ಷ್ಮಜೀವಿಗಳಿಗೆ ಹಿತವಾದ ಉಷ್ಣತೆ 30ರಿಂದ 38 ಡಿಗ್ರಿ. 20ಕ್ಕಿಂತ ಕೆಳಗೆ ಅವು ಮಂಕಾಗುತ್ತವೆ. ಆ ತಿಂಗಳುಗಳಲ್ಲಿ ಕಳೆಯ ಪಾಲನ್ನು ತಗ್ಗಿಸಿ, ಕದಡುವ ನೀರನ್ನು ಬಿಸಿಲಿನಲ್ಲಿ ಕಾಯಿಸಿ ಮಧ್ಯಾಹ್ನ ಹಾಕಿದರೆ ಸಾಕು. ಕಳೆನಾಶಕ ಸಿಂಪಡಿಸಿದ ಕೆರೆಯಿಂದ ಕಳೆ ತಂದ ಮೇಲೆ ಉತ್ಪಾದನೆ ನಿಂತಿದ್ದರೆ ಕಾರಣ ಹುಡುಕುತ್ತಾ ಹೊತ್ತು ಕಳೆಯುವ ಬದಲು ಆ ಕಳೆಯನ್ನು ನಿಲ್ಲಿಸಿ. ಸಿಂಪಡಣೆಯಾದ ಗಿಡವನ್ನು ಘಟಕಕ್ಕೂ ಗೊಬ್ಬರಕ್ಕೂ ಬಳಸಲೇಬಾರದು.

ಕೊಳವೆ ಮತ್ತು ಉರಿ

ಕೊಳವೆಯ ದೋಷಗಳು ಸೆಗಣಿ ಘಟಕದಲ್ಲಿ ಇರುವಂಥವೇ. ಉರಿ ಕುಣಿಯುತ್ತಾ ಗುಳುಗುಳು ಸದ್ದಾಗುತ್ತಿದ್ದರೆ ಕೊಳವೆಯ ತಗ್ಗಿನಲ್ಲಿ ನೀರು ನಿಂತಿದೆ, ನೀರು ಬಿಡುವ ತಿರುಪನ್ನು ತೆಗೆದು ಹರಿಸಬೇಕು. ತಿರುಪೇ ಇಲ್ಲದಿದ್ದರೆ ಅತಿ ತಗ್ಗಿನ ಜಾಗದಲ್ಲಿ ಒಂದನ್ನು ಹಾಕಿಸಬೇಕು. ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ಗಾಳಿಕಿಂಡಿಯನ್ನು ತೆರೆಯಬೇಕು. ಸಿಲಿಂಡರಿನ ಒಲೆಯನ್ನು ಹಾಗೆಯೇ ಜೋಡಿಸಿದವರು ಘಟಕವನ್ನು ದೂರುವ ಮೊದಲು ಒಲೆಯನ್ನು ಬದಲಿಸಲಿ, ಅದರ ತೂತು ಈ ಅನಿಲಕ್ಕೆ ತೀರ ಸಣ್ಣದು. ಹೊಸ ಘಟಕದ ಮೊದಲ ದಿನಗಳ ಅನಿಲದಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚಿದ್ದು ಅದು ಉರಿಯುವುದಿಲ್ಲ, ಹೊರಗೆ ಬಿಟ್ಟುಬಿಡಬೇಕು.

ಕೊಳಚೆ ಸೇರುವ ಕೆರೆಯ ಕಳೆಯಲ್ಲಿ ಒಂದು ವಿಶೇಷ ತೊಂದರೆಯಿದೆ. ಅದರೊಂದಿಗೆ ಬರುವ ಗಂಧಕದ ಅಂಶದಿಂದ ಕೊಳೆತ ಮೊಟ್ಟೆಯ ವಾಸನೆ ಹೆಚ್ಚುತ್ತದೆ, ಹಿತ್ತಾಳೆಯ ಬರ್ನರ್ ಕಪ್ಪಾಗಿ ಸವೆಯುತ್ತದೆ. ಲೇತ್ ಅಂಗಡಿಯ ಕಬ್ಬಿಣದ ಸುರುಳಿ ಸಿಪ್ಪೆಯನ್ನು ನೀರು ಚಿಮುಕಿಸಿ ತುಕ್ಕು ಹಿಡಿಸಿ, ಒಂದು ಅಗಲವಾದ ಕೊಳವೆಯಲ್ಲಿ ತುಂಬಿ ಅದರ ಮೂಲಕ ಅನಿಲವನ್ನು ಹಾಯಿಸಿದರೆ ತುಕ್ಕು ಆ ಗಂಧಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಪ್ಪೆ ಪೂರ್ತಿ ಕಪ್ಪಾದ ಮೇಲೆ ಹೊರತೆಗೆದು ಗಾಳಿಗೆ ಹರಡಿದರೆ ಮತ್ತೆ ಬಳಸಬಹುದು. ಆದರೆ ಆಗ ಅದು ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ಒದ್ದೆಯಾಗಿಟ್ಟು ಹುಲ್ಲು ಬಣವೆಯಿಂದ ದೂರ ಹರಡಬೇಕು.

ಗೊಬ್ಬರದ ಕಡೆಯ ದೋಷಗಳು

ಘಟಕದಿಂದ ಹೊರಬಂದ ಬಗ್ಗಡ ಸಿದ್ಧ ಗೊಬ್ಬರವೆಂಬ ನಂಬಿಕೆ ಸೆಗಣಿಯ ಮಟ್ಟಿಗೆ ಸರಿ, ಕಳೆಯ ಮಟ್ಟಿಗೆ ಪೂರ್ತಿ ಸರಿಯಲ್ಲ. ಅಂತರಗಂಗೆಯ ಬೀಜ 15ರಿಂದ 20 ವರ್ಷ ಜೀವ ಹಿಡಿದಿರಬಲ್ಲದು, ಮತ್ತು ಘಟಕದೊಳಗಿನ 30 ಡಿಗ್ರಿಯ ಸುಖೋಷ್ಣ ಅದನ್ನು ಕೊಲ್ಲುವಷ್ಟು ಬಿಸಿಯಲ್ಲ. ಗದ್ದೆಗೆ, ನೀರು ನಿಲ್ಲುವ ತೋಟಕ್ಕೆ ಬಗ್ಗಡವನ್ನು ನೇರವಾಗಿ ಬಿಟ್ಟು ಮುಂದಿನ ಮಳೆಗಾಲದಲ್ಲಿ ಅಲ್ಲಿಯೇ ಕಳೆ ಕಂಡರೆ ಕಾರಣ ಇದು. ಬಗ್ಗಡವನ್ನು ಒಣ ಎಲೆ, ಕಡಲೆಕಾಯಿ ಸಿಪ್ಪೆ, ಕಬ್ಬಿನ ರವದಿಯಂಥ ಒಣ ವಸ್ತುವಿನೊಂದಿಗೆ ಬೆರೆಸಿ ರಾಶಿ ಹಾಕಿ, ಒಳಭಾಗ 55 ಡಿಗ್ರಿಗಿಂತ ಮೇಲೇರಿ ಕನಿಷ್ಠ ಮೂರು ದಿನ ಹಾಗೆಯೇ ಉಳಿಯುವಂತೆ ಮಾಡಿ, ರಾಶಿಯನ್ನು ಮಗುಚಿ ಹೊರಗಿನದನ್ನು ಒಳಗೆ ತಂದು ಮತ್ತೆ ಕಾಯಿಸಬೇಕು. ಹೂ ಬಿಡುವ ಮೊದಲೇ ಕಳೆ ಎತ್ತಿದರೆ ಈ ಚಿಂತೆಯ ಬಹುಪಾಲು ಕೆರೆಯ ಅಂಗಳದಲ್ಲೇ ಮುಗಿಯುತ್ತದೆ.

ರಾಶಿ ಬಿಸಿಯೇರುತ್ತಿಲ್ಲ ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಬಾರಿ ಕಾರಣ ಮತ್ತದೇ ನೀರು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ನೀರು ಇಳಿದರೆ ತೇವ ಹೆಚ್ಚು, ಗಾಳಿಯಾಡುತ್ತಿಲ್ಲ. ಉಂಡೆಯೇ ಕಟ್ಟದಿದ್ದರೆ ತೇವ ಕಡಿಮೆ. ಅಮೋನಿಯದ ಘಾಟು ಮೂಗಿಗೆ ಹೊಡೆದರೆ ಸಾರಜನಕ ಹೆಚ್ಚಿದೆ, ಒಣ ಎಲೆ ಸೇರಿಸಬೇಕು. ಎರೆಹುಳುಗಳು ತೊಟ್ಟಿಯ ಗೋಡೆ ಹತ್ತಿ ಓಡುತ್ತಿದ್ದರೆ ಅಥವಾ ಸಾಯುತ್ತಿದ್ದರೆ ಹಸಿ ಬಗ್ಗಡವನ್ನು ಹುಳುವಿಗೆ ನೇರವಾಗಿ ಕೊಡಲಾಗಿದೆ. ಪ್ರಾಣವಾಯುವಿಲ್ಲದ, ಅಮೋನಿಯ ತುಂಬಿದ ಆ ಬಗ್ಗಡವನ್ನು ಎರಡು ಮೂರು ವಾರ ಹರಡಿ ಆರಿಸಿ, ರಾಶಿಯ ಬಿಸಿ ಇಳಿದ ನಂತರವೇ ಹುಳು ಬಿಡಬೇಕು.

ಗೊಬ್ಬರ ಹಾಕಿದ ಮೇಲೆ ಸಸಿ ಹಳದಿಯಾದರೆ ಅದು ಮಾಗಿರಲಿಲ್ಲ. ಅರೆಬೆಂದ ನಾರನ್ನು ಕೊಳೆಸಲು ಮಣ್ಣಿನ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೇ ಕಸಿದುಕೊಳ್ಳುತ್ತವೆ. ಒಂದು ಕುಂಡದಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬರೀ ಮಣ್ಣು ತುಂಬಿ ಎರಡರಲ್ಲೂ ಎಣಿಸಿ ಮೆಂತ್ಯದ ಕಾಳು ಬಿತ್ತಿ ಒಂದು ವಾರ ನೋಡಿದರೆ ಹೊಲವನ್ನು ಪಣಕ್ಕಿಡದೆಯೇ ಇದು ಗೊತ್ತಾಗುತ್ತದೆ.

ಬೇರು, ಮಣ್ಣು, ಲೋಹ

ಒಂದೆರಡು ವರ್ಷ ಕಳೆ ನುಂಗಿದ ಘಟಕ ಯಾವ ಸ್ಪಷ್ಟ ಕಾರಣವಿಲ್ಲದೆ ವರ್ಷದಿಂದ ವರ್ಷಕ್ಕೆ ಸೊರಗುತ್ತಿದ್ದರೆ ಬಿದಿರನ್ನು ತಳದವರೆಗೆ ಇಳಿಸಿ ನೋಡಿ. ಅಂತರಗಂಗೆಯ ಬೇರು ಕರಿಗೂದಲಿನ ಗೊಂಚಲಿನಂತೆ ಕೆರೆಯ ಹೂಳನ್ನು ಹಿಡಿದಿರುತ್ತದೆ. ಆ ಮರಳು ಮಣ್ಣು ತಳದಲ್ಲಿ ಕೂತು ತೊಟ್ಟಿಯ ಗಾತ್ರವನ್ನೇ ಕುಗ್ಗಿಸಿರುತ್ತದೆ. ಬೇರನ್ನು ಕೆರೆಯ ದಡದಲ್ಲಿಯೇ ಮಚ್ಚಿನಿಂದ ಕಡಿದು ಬಿಟ್ಟುಬರುವುದು ಇದಕ್ಕೆ ಮುನ್ನೆಚ್ಚರಿಕೆ.

ಬೇರನ್ನು ಬಿಡಲು ಇದಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಈ ಗಿಡ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್ ಮುಂತಾದವನ್ನು ಹೀರಿಕೊಳ್ಳುವುದರಲ್ಲಿ ನಿಸ್ಸೀಮ, ಮತ್ತು ಅದರಲ್ಲಿ ಹೆಚ್ಚಿನ ಪಾಲನ್ನು ಬೇರಿನಲ್ಲಿ ಇಟ್ಟುಕೊಳ್ಳುತ್ತದೆ. ಬೆಳ್ಳಂದೂರು, ವರ್ತೂರು, ವೃಷಭಾವತಿಯ ನೀರು ಸೇರುವ ಬೈರಮಂಗಲದಂಥ, ನಗರದ ಕೊಳಚೆಯನ್ನೂ ಕಾರ್ಖಾನೆಯ ತ್ಯಾಜ್ಯವನ್ನೂ ಉಂಡ ಕೆರೆಗಳ ಕಳೆಯನ್ನು ಗುಡ್ಡದ ತಪ್ಪಲಿನ ಊರ ಕೆರೆಯ ಕಳೆಯಂತೆ ಕಾಣುವುದು ತಪ್ಪು. ಅನಿಲಕ್ಕೆ ಅದನ್ನು ಬಳಸಲು ಅಡ್ಡಿಯಿಲ್ಲ. ಆದರೆ ಲೋಹ ಅನಿಲದೊಂದಿಗೆ ಹೋಗುವುದಿಲ್ಲ, ಬಗ್ಗಡದಲ್ಲಿಯೇ ಉಳಿಯುತ್ತದೆ. ಒಣ ಅಂಶದ ಅರ್ಧ ಅನಿಲವಾಗಿ ಹೋದರೆ ಉಳಿದರ್ಧದಲ್ಲಿ ಲೋಹದ ಪ್ರಮಾಣ ಎರಡರಷ್ಟಾಗುತ್ತದೆ, ಕಾಂಪೋಸ್ಟ್ ಆಗುವಾಗ ಇನ್ನೂ ಏರುತ್ತದೆ. ಇದು ಕಣ್ಣಿಗೂ ಮೂಗಿಗೂ ಸಿಗುವ ದೋಷವಲ್ಲ, ಗೊಬ್ಬರ ನೋಡಲು ಕಪ್ಪಗೆ, ಹುಡಿಹುಡಿಯಾಗಿ, ಮಣ್ಣಿನ ವಾಸನೆಯಿಂದ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಅಂಥ ಕೆರೆಯ ಕಳೆಯಿಂದಾದ ಗೊಬ್ಬರದ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಲೇಬೇಕು. 1985ರ ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟಿಗೆ ಹಾಕಿರುವ ಮಿತಿಗಳು ಒಂದು ಕೆಜಿಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಕ್ರೋಮಿಯಂ 50, ನಿಕಲ್ 50, ಸೀಸ 100. ವರದಿಯಲ್ಲಿ ಯಾವುದೇ ಒಂದು ಲೋಹ ಮಿತಿ ಮೀರಿದ್ದರೂ ಆ ಗೊಬ್ಬರವನ್ನು ಸೊಪ್ಪಿಗೆ, ತರಕಾರಿಗೆ, ಮೇವಿನ ಹುಲ್ಲಿಗೆ ಹಾಕಬಾರದು, ಒಳ್ಳೆಯ ಗೊಬ್ಬರದೊಂದಿಗೆ ಬೆರೆಸಿ ಮಿತಿಯೊಳಗೆ ತಂದು ಮಾರಲೂ ಬಾರದು. ಅಂಥ ಘಟಕದ ಬಗ್ಗಡವನ್ನು ಒಣಗಿಸಿ ಬೇರೆಯೇ ರಾಶಿಯಾಗಿ ಇಟ್ಟು, ಯಾವ ಕೆರೆಯ ಕಳೆ, ಯಾವ ತಿಂಗಳು ಎತ್ತಿದ್ದು ಎಂಬುದನ್ನು ಬರೆದಿಟ್ಟುಕೊಂಡರೆ ಮುಂದಿನ ಬಾರಿ ಯಾವ ಕೆರೆಗೆ ಗಾಡಿ ಕಳಿಸಬೇಕು, ಯಾವುದಕ್ಕೆ ಕಳಿಸಬಾರದು ಎಂಬುದಕ್ಕೆ ಆ ಪುಸ್ತಕವೇ ಆಧಾರವಾಗುತ್ತದೆ.